ಸತ್ತ ಕುದುರೆಯ ಕಾಳು

ಗಾಡಿ ಯಾವ ಬಣ್ಣದ್ದೇ ಇರಲಿ, ಸರಕಾರ ನೋಡುವುದು ನಂಬರ್ ಪಾಟಿಯ ಬಣ್ಣವನ್ನು. ಪಾಟಿ ಬಿಳಿ ಇದ್ದರೆ ಮನೆಯ ಗಾಡಿ, ಹಳದಿ ಇದ್ದರೆ ದುಡಿಮೆಯ ಗಾಡಿ. ಬಿಳಿಯದಕ್ಕೆ ಒಂದು ಸಲ ತೆರಿಗೆ ಕಟ್ಟಿ ಕೈ ತೊಳೆದುಕೊಂಡರೆ ವರ್ಷಗಟ್ಟಲೆ ಯಾರೂ ಕೇಳುವುದಿಲ್ಲ. ಹಳದಿಯ ಹಣೆಬರಹ ಹಾಗಲ್ಲ. ಅದರ ತೆರಿಗೆ ಬೇರೆ, ವಿಮೆ ಬೇರೆ, ಸಾಲದ್ದಕ್ಕೆ ಪಾಸಿಂಗು ಬೇರೆ. ಪಾಸಿಂಗು ಅಂದರೆ ಗಾಡಿಯನ್ನು ಸಾಹೇಬರ ಮುಂದೆ ನಿಲ್ಲಿಸಿ, ದೀಪ ಹಚ್ಚಿ, ಹಾರ್ನು ಬಾರಿಸಿ, ಬ್ರೇಕು ತುಳಿದು, ಇದಿನ್ನೂ ರಸ್ತೆಗೆ ಯೋಗ್ಯ ಎಂದು ಬರೆಸಿಕೊಂಡು ಬರುವುದು. ಗಾಡಿ ಹಳೆಯದಾದರೆ ವರ್ಷಾ ವರ್ಷಾ ಇದೇ ಪೂಜೆ.

ಮರಾಠಿ ಗಡಿಯಾಚೆ ಜತ್ತದ ಬಳಿ ಇರುವ ಸೊರಡಿಯ ವಿಠೋಬ ಬಂಡಗರನ ವ್ಯಾನಿಗೆ ಇದ್ದದ್ದು ಹಳದಿ ಪಾಟಿ. ಮೊದಲು ಅದು ಯಾವುದೋ ಪಟ್ಟಣದಲ್ಲಿ ಬ್ರೆಡ್ಡು ಬಿಸ್ಕೀಟು ಹೊರುತ್ತಿತ್ತಂತೆ. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಸೀಟಿಲ್ಲದ ಮುಚ್ಚಿದ ಡಬ್ಬಿ. ನಾಲ್ಕು ವರ್ಷದ ಹಿಂದೆ ಇವರ ಮನೆಗೆ ಬಂದ ಮೇಲೆ ಬ್ರೆಡ್ಡಿನ ವಾಸನೆ ಹೋಗಿ ಕುರಿಮರಿಯ ವಾಸನೆ ಹತ್ತಿಕೊಂಡಿತು. ಅದನ್ನು ಹೊಡೆಯುವವಳು ವಿಠೋಬನ ಸೊಸೆ ಕಾಜಲ್.

ಹೆಣ್ಣುಮಗಳು ಗಾಡಿ ಹೊಡೆಯುತ್ತಾಳೆಯೇ ಎಂದು ಹುಬ್ಬೇರಿಸುವವರು ಏರಿಸಲಿ, ಕುರುಬರ ತಿರುಗಾಟ ನೋಡಿದವರಿಗೆ ಅದರಲ್ಲಿ ಸೋಜಿಗವೇನಿಲ್ಲ. ದೀಪಾವಳಿ ಮುಗಿಯುತ್ತಲೇ ಐದು ಮನೆಯವರು ಒಟ್ಟಾಗಿ ಹಿಂಡು ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆ ಹೋಗುತ್ತಾರೆ. ಅಲ್ಲಿಯ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು. ಗಂಡಸರು ಕುರಿಗಳ ಜೊತೆ ಅಡ್ಡದಾರಿ ಹಿಡಿದು ನಡೆಯುತ್ತಾರೆ. ಹೆಂಗಸರು ಪಾತ್ರೆ, ಕಂಬಳಿ, ಬಲೆ, ಎಳೆಮರಿಗಳನ್ನು ತೆಗೆದುಕೊಂಡು ಮುಂಚಿತವಾಗಿ ಹೋಗಿ ಮುಂದಿನ ಬಿಡಾರ ಹೂಡುತ್ತಾರೆ. ಸಾಮಾನು ಹೆಂಗಸರ ಪಾಲು ಎಂದ ಮೇಲೆ ಸಾಮಾನಿನ ಗಾಡಿಯೂ ಅವರ ಪಾಲೇ. ಬಾಲಗಾಂವದ ತವರಿನಲ್ಲಿ ಅಣ್ಣನ ಟೆಂಪೋ ಹೊಡೆದು ಕಲಿತಿದ್ದ ಕಾಜಲ್ ಲೈಸನ್ಸು ಮಾಡಿಸಿಕೊಂಡು ಕೀಲಿಕೈ ಇಸಕೊಂಡಳು, ಅಷ್ಟೆ. ಗಂಡ ಮಾಳು ಕುರಿ ನೋಡಿಕೊಂಡ, ಹೆಂಡತಿ ಗಾಡಿ ನೋಡಿಕೊಂಡಳು.

ಹಿಂದೆ ಈ ಸಾಮಾನನ್ನೆಲ್ಲ ಹೊರುತ್ತಿದ್ದದ್ದು ವಿಠೋಬನ ಕುದುರೆ. ಅವನಿಗೂ ಆ ಗಾಡಿಗೂ ಎಣ್ಣೆ ಸೀಗೆಕಾಯಿ. ಅದರ ಪಾಸಿಂಗಿನ ಅವಧಿ ಮುಗಿಯುವುದು ಸರಿಯಾಗಿ ದೀಪಾವಳಿಯ ಹೊತ್ತಿಗೇ. ಹೋದ ವರ್ಷ ಪಾಸಿಂಗು, ವಿಮೆ, ತೆರಿಗೆ ಎಂದು ಮೂರು ಸಲ ಸಾಂಗಲಿಗೆ ಓಡಾಡಿ ಎಂಟು ದಿನ ಹೋಯಿತು. ಇವರು ದಂಡೆ ಮುಟ್ಟುವಷ್ಟರಲ್ಲಿ ಬೇರೆ ಹಿಂಡುಗಳು ಹೊಲ ಹಿಡಿದಾಗಿತ್ತು. ಕುರಿಗಳು ಬರಿಯ ಬದುವಿನ ಮೇಲೆ ಮೂಗು ಆಡಿಸಿಕೊಂಡು ತಿರುಗಿದವು.

"ಕುದುರಿಗಿ ಪಾಸಿಂಗ ಇರಲಿಲ್ಲ, ವಿಮಾ ಇರಲಿಲ್ಲ. ಹುಲ್ಲು ಹಾಕಿದ್ರ ಹೊಂಟೇಬಿಡತಿತ್ತು," ಎಂದು ಮುದುಕ ಈ ವರ್ಷದ ಗಣಪತಿ ಹಬ್ಬದ ಮರುದಿನ ಮನೆಯವರನ್ನೆಲ್ಲ ಕೂಡಿಸಿಕೊಂಡು ಹೇಳಿದ. "ಈ ಸಲ ಪಾಟಿ ಬೆಳ್ಳಗ ಆದ್ರ ಗಾಡಿ ಇರಲಿ. ಇಲ್ಲಂದ್ರ ವಳಸಂಗದ ಬಾದಶಹಾಗ ಕೊಟ್ಟು ನಾ ಕುದುರಿ ತರತೀನಿ. ಆತಿಲ್ಲೊ?"

ಬಾದಶಹಾ ಉಳ್ಳಾಗಡ್ಡಿಯ ವ್ಯಾಪಾರಿ, ಈರುಳ್ಳಿ ಚೀಲ ಹೊರಲು ಗಾಡಿ ಹುಡುಕುತ್ತಿದ್ದ. ಆಗಲೇ ಎರಡು ಸಲ ಬಂದು ಗಾಡಿಯ ಟೈರು ಒದ್ದು ನೋಡಿ ಹೋಗಿದ್ದ.

ಕಾಜಲ್‌ಗೆ ಹಳೆಯ ತಲೆಹೊರೆ ನೆನಪಾಯಿತು. ಕುದುರೆ ಸತ್ತ ಮೇಲೆ ವ್ಯಾನು ಬರುವ ತನಕ ಎರಡು ವರ್ಷ ಅವಳು ತಲೆಯ ಮೇಲೆ ಪಾತ್ರೆಯ ಗಂಟು, ಕಂಕುಳಲ್ಲಿ ಎರಡೆರಡು ಮರಿ ಹೊತ್ತು ನಡೆದವಳು. ಆ ಚಳಿಯಲ್ಲಿ ಅವಳ ಕಂಕುಳಲ್ಲೇ ಎರಡು ಮರಿ ಸತ್ತಿದ್ದವು. ವ್ಯಾನು ಬಂದ ಮೇಲೆ ದಾರಿಯಲ್ಲಿ ಒಂದು ಮರಿಯೂ ಸತ್ತಿಲ್ಲ. ಅದಲ್ಲದೆ ಇನ್ನೊಂದು ಮಾತಿತ್ತು, ಅದನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ. ಕೀಲಿ ತಿರುವಿ ಗಾಡಿ ಗುರ್ ಎಂದಾಗ, ಐದು ಮನೆಯ ಸಂಸಾರ ತನ್ನ ಬೆನ್ನ ಹಿಂದೆ ಕೂತಿದೆ ಎಂದು ಅವಳಿಗೆ ಭಾರಿ ಹೆಮ್ಮೆಯಾಗುತ್ತಿತ್ತು. ಕುದುರೆ ಬಂದರೆ ಲಗಾಮು ಮಾವನ ಕೈಗೆ, ಅದರ ಬೆನ್ನಿಗೆ ಹೆಚ್ಚಾದ ಗಂಟು ತನ್ನ ತಲೆಗೆ. ಅದನ್ನು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಜತ್ತದಲ್ಲಿ ಗಾಡಿ ಕಾಗದದ ಕೆಲಸ ಮಾಡಿಸಿಕೊಡುವ ತಾನಾಜಿ ಎಂಬ ಏಜೆಂಟನಿದ್ದ. ಬಾಯಿದ್ದರೆ ಬೊಂಬಾಯಿ ಎನ್ನುವ ಜಾತಿಯವನು, ಆದರೆ ಕೆಟ್ಟವನಲ್ಲ. ಅವನು ಕಾಗದಗಳನ್ನು ತಿರುವಿ ನೋಡಿ, "ಆಗತೈತಿ ಅಕ್ಕಾ. ಸ್ವಂತಕ್ಕಷ್ಟ ಹೊಡೀತೀವಿ ಅಂತ ಅರ್ಜಿ ಹಾಕೂದು. ತೆರಿಗಿಯ ಫರಕು ತುಂಬೂದು, ವಿಮಾ ಬದಲಿ ಮಾಡೂದು. ಬುಧವಾರ ಸಾಹೇಬರು ಕ್ಯಾಂಪಿಗಿ ಇಲ್ಲೇ ಜತ್ತಕ್ಕ ಬರತಾರ. ಒಂದ ಮಾತು ಹೇಳು, ಬಾಡಿಗಿ ತಗೊಂಡು ಭಾಡಾ ಗೀಡಾ ಹೊಡಿಯೂದಿಲ್ಲಲ್ಲ?" ಎಂದ.

"ಛೀ ಛೀ, ನಾವೆಲ್ಲಿ ಭಾಡಾ ಹೊಡೀತೀವಿ? ನಮ್ಮ ಬಿಡಾರ ಹೊರೂದ ಆಗವಲ್ದು," ಎಂದಳು ಕಾಜಲ್. ಆ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ, ಅವಳಿಗೆ ತಿಳಿದ ಮಟ್ಟಿಗೆ.

ಬುಧವಾರ ಬೆಳಿಗ್ಗೆ ಅವಳು ವ್ಯಾನಿಗೆ ಸ್ನಾನ ಮಾಡಿಸಿ, ಹಿಂದಿನ ಡಬ್ಬಿಯಲ್ಲಿದ್ದ ಹಿಕ್ಕೆ ಗುಡಿಸಿ, ಪಕ್ಕದಲ್ಲಿ ಮಾವನನ್ನು ಕೂರಿಸಿಕೊಂಡು ಜತ್ತಕ್ಕೆ ಹೊರಟಳು. ಕಾಗದ ವಿಠೋಬನ ಹೆಸರಿನಲ್ಲಿತ್ತು, ಆದ್ದರಿಂದ ಅವನಿಲ್ಲದೆ ನಡೆಯುವಂತಿರಲಿಲ್ಲ. ಮುದುಕ ತಲೆಗೆ ಪಟಕಾ ಸುತ್ತಿಕೊಂಡು, ಕೋಲು ಮೊಣಕಾಲ ನಡುವೆ ಇಟ್ಟುಕೊಂಡು, ದಾರಿಯುದ್ದಕ್ಕೂ ಹೊರಗೇ ನೋಡುತ್ತ ಕೂತ. ದಾರಿಬದಿಯ ಸಜ್ಜೆ ತೆನೆ ಬಿಟ್ಟು ನಿಂತಿತ್ತು. ಬೇರೆ ದಿನವಾಗಿದ್ದರೆ ಅದರ ಬಗ್ಗೆಯಾದರೂ ಎರಡು ಮಾತಾಡುತ್ತಿದ್ದ.

ಮೈದಾನದಲ್ಲಿ ರಿಕ್ಷಾ, ಟೆಂಪೋ, ಟ್ರ್ಯಾಕ್ಟರುಗಳ ಸಾಲೇ ಸಾಲು. ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಸಾಹೇಬರು ಕೂತಿದ್ದರು. ಕನ್ನಡಕದ ನಡುವಯಸ್ಸಿನ ಮನುಷ್ಯ, ಮರಾಠಿಯವರು, ಮಾತು ಸಾವಕಾಶ. ಕಾಜಲ್‌ಗೆ ಮರಾಠಿ ನೀರು ಕುಡಿದಷ್ಟು ಸಲೀಸು. ತಾನಾಜಿ ಅರ್ಜಿ ಮುಂದೆ ಇಟ್ಟ. ಸಾಹೇಬರು ಅರ್ಜಿ ಓದಿದರು, ವ್ಯಾನಿನ ಹಿಂಬಾಗಿಲು ತೆರೆಸಿ ನೋಡಿದರು, ಬಂದು ಕೂತರು.

"ಇದರಲ್ಲಿ ಏನು ಸಾಗಿಸುತ್ತೀರಮ್ಮಾ?"

"ನಮ್ಮ ಬಿಡಾರದ ಸಾಮಾನ್ರಿ. ಪಾತ್ರಿ, ಕಂಬಳಿ, ಮರಿ."

"ನಿಮ್ಮದು ಅಷ್ಟೇನಾ, ಬೇರೆಯವರದೂ ಇರುತ್ತಾ?"

"ಇನ್ನೂ ನಾಕು ಮನಿಯವರದು ಇರತೈತ್ರಿ. ಎಲ್ಲಾರೂ ಕೂಡೇ ಹೋಗ್ತೀವಲ್ಲ."

"ಅವರು ಅದಕ್ಕೆ ಏನಾದರೂ ಕೊಡುತ್ತಾರಾ?"

"ಏನಿಲ್ರಿ ಸಾಹೇಬ್ರ, ರೊಕ್ಕದ ಮಾತ ಇಲ್ಲ," ಎಂದಳು ಕಾಜಲ್ ಎದೆ ತಟ್ಟಿಕೊಂಡು. "ಕುದುರಿ ಕಾಳು ಕೊಡತಾರ, ಅಷ್ಟ."

ಸಾಹೇಬರ ಪೆನ್ನು ನಿಂತಿತು. "ಯಾವ ಕುದುರೆ?"

"ನಮ್ಮ ಕುದುರಿರಿ."

"ಕುದುರೆಯೂ ಇದೆಯಾ ನಿಮ್ಮ ಹತ್ತಿರ?"

"ಇಲ್ರಿ. ಸತ್ತು ಆರು ವರ್ಷ ಆತು."

ಸಾಲಿನಲ್ಲಿ ನಿಂತವರು ಕಿಸಕ್ಕೆಂದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಕುದುರೆ ಸತ್ತು ಆರು ವರ್ಷವಾಗಿದೆ, ಇನ್ನೂ ಕಾಳು ತಿನ್ನುತ್ತಿದೆಯಾ?" ಎಂದರು.

"ತಿನ್ನತೈತ್ರಿ," ಎಂದ ವಿಠೋಬ. ಬೆಳಗಿನಿಂದ ಅವನ ಬಾಯಿಂದ ಬಿದ್ದ ಮೊದಲ ಮಾತು ಅದು. ಅವನು ನಗುತ್ತಿರಲಿಲ್ಲ.

ನಗುವ ಮಾತೂ ಅಲ್ಲ. ಹಿಂದಿನಿಂದ ನಡೆದುಬಂದ ರೂಢಿ ಅದು. ಹಿಂಡಿನಲ್ಲಿ ಯಾರ ಕುದುರೆ ಎಲ್ಲರ ಸಾಮಾನು ಹೊರುತ್ತದೋ, ಬಿಡಾರ ಬದಲಾದ ದಿನ ಉಳಿದ ಮನೆಯವರು ಅವರಿಗೆ ಒಂದೊಂದು ಸೇರು ಹುರುಳಿ ಅಳೆದು ಕೊಡಬೇಕು. ಬಿಟ್ಟಿ ಹೊರಿಸಿದವರ ಹಿಂಡು ಏಳಿಗೆ ಆಗುವುದಿಲ್ಲ ಎಂದು ನಂಬಿಕೆ. ಕುದುರೆ ಹೋಗಿ ವ್ಯಾನು ಬಂದಾಗ ಯಾರೂ ಕೂತು ಪಂಚಾಯಿತಿ ಮಾಡಲಿಲ್ಲ. ಗಾಡಿ ಹುರುಳಿ ತಿನ್ನುವುದಿಲ್ಲ ಎಂಬುದಷ್ಟು ಅವರಿಗೂ ಗೊತ್ತಿತ್ತು, ಆದ್ದರಿಂದ ಹುರುಳಿಯ ಬದಲು ಜೋಳ ಅಳೆದರು. ಹೆಸರು ಮಾತ್ರ ಕುದುರೆ ಕಾಳೆಂದೇ ಉಳಿಯಿತು. ಅದಕ್ಕೆ ಭಾಡಾ ಎನ್ನುವ ಹೆಸರೂ ಇದೆ ಎಂದು ಕಾಜಲ್‌ಗೆ ಕನಸಿನಲ್ಲೂ ಹೊಳೆದಿರಲಿಲ್ಲ. ತಾಯಿಯ ಹಾಲಿಗೆ ಯಾರಾದರೂ ಬೆಲೆ ಕಟ್ಟುತ್ತಾರೆಯೇ!

ಅವಳು ಇದನ್ನೆಲ್ಲ ಬಿಡಿಸಿ ಹೇಳಿದಳು. ಸಾಹೇಬರು ಪೂರ್ತಿ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು:

"ತಂಗೀ, ನಿಮ್ಮ ರೂಢಿ ಒಳ್ಳೆಯದೇ. ಆದರೆ ಬೇರೆಯವರ ಸಾಮಾನು ಹೊತ್ತು ಅದಕ್ಕೆ ಪ್ರತಿಯಾಗಿ ಏನನ್ನೇ ತೆಗೆದುಕೊಂಡರೂ, ರೊಕ್ಕವಾಗಲಿ ಕಾಳಾಗಲಿ, ಕಾನೂನಿನ ಕಣ್ಣಿಗೆ ಅದು ದುಡಿಮೆ. ಬಿಳಿ ಪಾಟಿಗೆ ಮಾಡಿಸುವ ವಿಮೆ ಸ್ವಂತ ಬಳಕೆಗೆ ಮಾತ್ರ. ನಾಳೆ ದಾರಿಯಲ್ಲಿ ಯಾರಿಗಾದರೂ ಗಾಡಿ ತಾಗಿತು ಎಂದಿಟ್ಟುಕೊ. ವಿಮೆಯವರು ಬಂದು, ಒಳಗೆ ಯಾರ ಸಾಮಾನು, ಏನು ಕೊಟ್ಟರು ಎಂದು ಕೇಳುತ್ತಾರೆ. ನೀನು ಇದೇ ಕುದುರೆ ಕತೆ ಹೇಳುತ್ತೀಯ. ಅವರು ಕೈ ಎತ್ತಿಬಿಡುತ್ತಾರೆ. ಆಗ ನಿಮ್ಮ ಹಿಂಡಿಗೆ ಹಿಂಡೇ ಮಾರಬೇಕಾದೀತು."

ತಾನಾಜಿ ಹಣೆ ಹಣೆ ಚಚ್ಚಿಕೊಂಡು ಅವಳನ್ನು ಮರದ ಆಚೆಗೆ ಕರೆದೊಯ್ದ. "ಅಕ್ಕಾ, ಬಾಯಿ ಬಿಟ್ಟು ಬಣ್ಣಗೇಡ ಮಾಡಿದಿ. ಇನ್ನೂ ಏನೂ ಹೋಗಿಲ್ಲ. ಹೋಗಿ ಹೇಳು, ಇನ್ನ ಮ್ಯಾಲ ಕಾಳು ತಗೊಳ್ಳೂದಿಲ್ಲ, ಬಂದ ಮಾಡೇವಿ ಅಂತ. ಸುಳ್ಳ ಹೇಳಬ್ಯಾಡ, ಖರೇನ ಬಂದ ಮಾಡು. ಒಂದ ಸೇರ ಜೋಳದಾಗ ಏನೈತಿ? ಪಾಟಿ ಬೆಳ್ಳಗ ಆಗತೈತಿ, ಗಾಡಿ ನಿನ್ನ ಕೈಯಾಗ ಉಳಿತೈತಿ."

ಮಾತು ಸರಿಯಾಗೇ ಇತ್ತು. ಕಾಜಲ್ ಒಂದು ಗಳಿಗೆ ನಿಂತು ಯೋಚಿಸಿದಳು. ಕಾಳು ಬಿಟ್ಟರೆ ಅವಳ ಒಲೆಯೇನೂ ಆರುತ್ತಿರಲಿಲ್ಲ. ಆದರೆ ಕಾಳು ಬೇಡವೆಂದರೆ ಜೊತೆಯ ಬಿಡಾರದ ರುಕ್ಮವ್ವ ತನ್ನ ಗಂಟನ್ನು ಗಾಡಿಯಲ್ಲಿ ಇಡುತ್ತಾಳೆಯೇ? ಗಂಡನಿಲ್ಲದ ರುಕ್ಮವ್ವ ಅರವತ್ತು ಕುರಿ ಕಟ್ಟಿಕೊಂಡು ಬದುಕುವವಳು, ಯಾರ ಹಂಗಿಗೂ ಬಿದ್ದವಳಲ್ಲ. ಸೇರಿನ ಮೇಲೆ ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿ, "ತಗೋ, ನಂದೂ ಒಂದ ಪಾಲೈತಿ," ಎನ್ನುವವಳು. ಅವಳಿಗೆ ಬಿಟ್ಟಿ ಹೊರುತ್ತೇನೆ ಎಂದರೆ, ಮರ್ಯಾದೆ ಕಳಕೊಳ್ಳುವುದಕ್ಕಿಂತ ತಲೆಹೊರೆ ಲೇಸು ಎಂದು ಮರಿಗಳನ್ನು ಕಂಕುಳಿಗೆ ಏರಿಸಿ ನಡೆದೇ ಬಿಡುತ್ತಾಳೆ. ಅವಳ ಹಿಂದೆ ಉಳಿದ ಮೂರು ಮನೆಯವರೂ ನಡೆಯುತ್ತಾರೆ. ಆಮೇಲೆ ಬಿಳಿ ಪಾಟಿಯ ಗಾಡಿಯಲ್ಲಿ ತಾನೊಬ್ಬಳೇ ತನ್ನ ನಾಲ್ಕು ಪಾತ್ರೆ ಇಟ್ಟುಕೊಂಡು, ಅವರನ್ನು ದಾರಿಯಲ್ಲಿ ದಾಟಿಕೊಂಡು ಹೋಗಬೇಕು. ಛೆ! ಅದೆಂಥ ಬಾಳುವೆ?

ಅವಳು ಮೇಜಿನ ಹತ್ತಿರ ಬಂದಳು. "ಸಾಹೇಬ್ರ, ಕಾಳು ಬಿಡಾಕ ಆಗೂದಿಲ್ರಿ. ಅರ್ಜಿ ತಿರುಗಿ ಕೊಡ್ರಿ."

ಹೇಳಿ ಮಾವನ ಕಡೆ ನೋಡಿದಳು. ವಿಠೋಬ ಕೋಲಿನ ಮೇಲೆ ಗದ್ದ ಊರಿಕೊಂಡು ವ್ಯಾನನ್ನೇ ನೋಡುತ್ತ ಕೂತಿದ್ದ. ಮುಗಿಯಿತು, ಇನ್ನು ಬಾದಶಹಾನ ಉಳ್ಳಾಗಡ್ಡಿಯೇ ಇದಕ್ಕೆ ಗತಿ ಎಂದು ಅವಳಿಗೆ ಕಣ್ಣು ತುಂಬಿಬಂತು.

ಸಾಹೇಬರು ಅರ್ಜಿ ತಿರುಗಿ ಕೊಟ್ಟವರು ಗಾಡಿಯ ಹಳೆಯ ಕಾಗದವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಿದ್ದರು. "ಅಲ್ಲಮ್ಮಾ, ಹಳದಿ ಪಾಟಿಯಿಂದ ನಿಮಗೆ ತೊಂದರೆ ಏನು? ಅದನ್ನಾದರೂ ಹೇಳು."

"ಪಾಸಿಂಗ್ರಿ. ದೀಪಾವಳಿಗೇ ಬರತೈತಿ. ನಾವು ಹೊಂಡೂದು ತಡಾ ಆಗತೈತಿ, ಮಂದಿ ಹೊಲ ಹಿಡಿತಾರ."

"ದೀಪಾವಳಿಗೆ ಮುಗಿಯುವುದನ್ನು ದೀಪಾವಳಿಗೇ ಮಾಡಿಸಬೇಕು ಎಂದು ಯಾರು ಹೇಳಿದರು? ಮುಂಚೆಯೇ ಬರಬಹುದು. ಗಾಡಿ ಇಲ್ಲೇ ಇದೆ, ನಾನೂ ಇಲ್ಲೇ ಇದ್ದೇನೆ. ಫೀ ತುಂಬಿ ಸಾಲಿಗೆ ಹಚ್ಚು, ಇವತ್ತೇ ನೋಡುತ್ತೇನೆ."

ವಿಠೋಬ ಕೋಲು ಊರಿ ಎದ್ದು ನಿಂತ. "ಇದನ್ನ ನಾಕು ವರ್ಷದಿಂದ ಯಾರೂ ನಮಗ ಹೇಳಲಿಲ್ಲಲ್ರಿ?"

"ನಾಲ್ಕು ವರ್ಷದಿಂದ ನೀವು ಯಾರನ್ನೂ ಕೇಳಲಿಲ್ಲವಲ್ಲ ಅಜ್ಜಾ," ಎಂದರು ಸಾಹೇಬರು.

ಅದೂ ಸರಿಯೇ. ಕೊನೆಯ ದಿನದ ತನಕ ಕಾಯುವುದು, ಆಮೇಲೆ ಬೆಂಕಿ ಬಿದ್ದವರ ಹಾಗೆ ಓಡುವುದು, ನಮ್ಮ ಮಂದಿಗೆ ಹುಟ್ಟುಗುಣ. ತಾನಾಜಿ ಮಾತ್ರ ಬೇರೆ ಕಡೆ ಮುಖ ಮಾಡಿ ತಲೆ ಕೆರೆದುಕೊಂಡ. ಅವನು ಹೇಳಬಹುದಿತ್ತು.

ಸರದಿ ಬಂತು. ಕಾಜಲ್ ಗಾಡಿ ತಂದು ನಿಲ್ಲಿಸಿದಳು. ದೀಪ ಹತ್ತಿತು, ಹಾರ್ನು ಕೂಗಿತು, ಬ್ರೇಕು ತುಳಿದಲ್ಲೇ ಗಾಡಿ ನಿಂತಿತು. ಸಾಹೇಬರು ಸುತ್ತು ಹಾಕಿ ಹಿಂಬಾಗಿಲ ಹತ್ತಿರ ನಿಂತರು. ಕತ್ತಲೆಯಲ್ಲಿ ಹೊಳೆಯುವ ಕೆಂಪು ಪಟ್ಟಿ ಅಲ್ಲಿರಲಿಲ್ಲ. ಮರಿಗಳು ನೆಕ್ಕಿ ನೆಕ್ಕಿ, ತಿಕ್ಕಿ ತಿಕ್ಕಿ, ಅದರ ಗುರುತೂ ಉಳಿದಿರಲಿಲ್ಲ. "ಹೊಸದು ಹಚ್ಚಿ ತನ್ನಿ," ಎಂದರು.

ಪಟ್ಟಿಯನ್ನು ತಾನಾಜಿಯೇ ಓಡಿಹೋಗಿ ತಂದ, ತಪ್ಪಿನ ಕಾಣಿಕೆ ಎನ್ನುವ ಹಾಗೆ. ಕಾಜಲ್ ಅಂಟಿಸಲು ಹೋದರೆ ಒಂದು ಕಡೆ ಏರಿತು, ಒಂದು ಕಡೆ ಇಳಿಯಿತು. ಆಗ ವಿಠೋಬ ಕೋಲು ಕೆಳಗಿಟ್ಟು ಬಂದು ಪಟ್ಟಿಯ ಇನ್ನೊಂದು ತುದಿ ಹಿಡಿದ. ಕಂಬಳಿ ನೇಯುವವರ ಕೈ ಅದು, ನೂಲು ಅಡ್ಡ ಹೋಗಲು ಬಿಡುವುದಲ್ಲ. "ಜಗ್ಗಬ್ಯಾಡ. ಸಾವಕಾಶ ಬಿಡು," ಎನ್ನುತ್ತ ಹೆಬ್ಬೆರಳಿನಿಂದ ಒತ್ತಿ ಒತ್ತಿ ಈ ತುದಿಯಿಂದ ಆ ತುದಿಯವರೆಗೆ ಕೂರಿಸಿದ. ನಾಲ್ಕು ವರ್ಷದಲ್ಲಿ ಮುದುಕ ಆ ಗಾಡಿಗೆ ತಾನಾಗಿ ಕೈ ಹಚ್ಚಿದ್ದು ಅದೇ ಮೊದಲು.

ಪಾಸಾಯಿತು. ಕಾಗದ ಕೈಗೆ ಬಂದಾಗ ಮಧ್ಯಾಹ್ನದ ಬಿಸಿಲು. ಕಾಜಲ್‌ಗೆ ಖುಷಿ ಪಡಬೇಕೋ ಅಂಜಬೇಕೋ ತಿಳಿಯಲಿಲ್ಲ. ಪಾಸಿಂಗ್ ಆದ ಗಾಡಿಗೆ ಒಳ್ಳೆಯ ಬೆಲೆ ಬರುತ್ತದೆ, ಮಾವ ಅದಕ್ಕೇ ಸುಮ್ಮನಿದ್ದಾನೇನೋ. ತಡೆಯಲಾರದೆ ಕೇಳಿಯೇಬಿಟ್ಟಳು. "ಮಾಮಾ, ಬಾದಶಹಾಗ ಏನ ಹೇಳೂದು?"

"ಮೊದಲ ವಿಮಾದ ಕೆಲಸ ಮುಗಸು ನಡಿ," ಎಂದ ವಿಠೋಬ.

ಬಸ್ ಸ್ಟ್ಯಾಂಡಿನ ಮಗ್ಗುಲಿಗೆ ಜಾಸ್ಮಿನ ಎಂಬ ಹುಡುಗಿಯದು ಸಣ್ಣ ವಿಮೆಯ ಅಂಗಡಿ. ಒಂದು ಕಂಪ್ಯೂಟರು, ಒಂದು ಫ್ಯಾನು, ಎರಡು ಕುರ್ಚಿ. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಹತ್ತಿರ ಕನ್ನಡ, ಫೋನಿನಲ್ಲಿ ಮರಾಠಿ, ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು.

"ಬರ್ರಿ ಅಜ್ಜಾ, ಕುಂದ್ರಿ. ಹಳದಿ ಪಾಟಿ ಅಲ್ರಿ? ಬ್ಯಾರೇದವರ ಸಾಮಾನೂ ಹೊರತೀರೇನು?"

"ಹೊರತೀವ್ವಾ. ಕಾಳೂ ತಗೋತೀವಿ," ಎಂದಳು ಕಾಜಲ್. ಈ ಸಲ ಮೊದಲೇ ಹೇಳಿಬಿಟ್ಟಳು.

"ಹಂಗಾರ ಇದ ಬರೋಬ್ಬರಿ ಪಾಲಿಸಿ. ಬಿಳಿದರಕಿಂತ ತುಟ್ಟಿ, ಆದ್ರ ಬ್ಯಾರೇದವರ ಗಂಟು ಇದ್ರೂ ಯಾರೂ ಬೆರಳ ತೋರಸೂದಿಲ್ಲ. ಒಂದ ಮಾತು, ಹಿಂದ ಮರಿಗೋಳ ಕೂಡ ಮಂದೀನ ಕೂಡಸಬ್ಯಾಡ್ರಿ. ಅದಕ್ಕ ಈ ವಿಮಾ ನಡಿಯೂದಿಲ್ಲ."

"ಇಲ್ಲವ್ವಾ. ನಮ್ಮತ್ತಿ ದುಂಡವ್ವ ಒಬ್ಬಾಕಿನ ಮುಂದ ನನ್ನ ಮಗ್ಗಲ ಕುಂದರತಾಳ. ಉಳದವರು ಎಸ್‌ಟಿ ಬಸ್ಸಿಗೆ ಬರತಾರ."

ಜಾಸ್ಮಿನ ಬೆರಳುಗಳನ್ನು ಕಂಪ್ಯೂಟರಿನ ಮೇಲೆ ಇಟ್ಟಳು. "ಮಾಲಕರು ಅಜ್ಜಾರ ಅಲ್ರಿ? ವಿಠೋಬ ಬಂಡಗರ. ಅದನ್ನ ಹಾಕಲ್ಯಾ?"

"ತಡಿ," ಎಂದ ವಿಠೋಬ. ಪಟಕಾ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ಗಾಡಿ ಬ್ಯಾರೇದವರ ಹೆಸರಿಗಿ ಮಾಡಬೇಕಂದ್ರ ಏನೇನ ಬೇಕು?"

ಕಾಜಲ್‌ಗೆ ಬಾದಶಹಾನ ಮುಖವೇ ಕಣ್ಣ ಮುಂದೆ ಬಂತು. ಕೊನೆಗೂ ಮಾರೇಬಿಟ್ಟ!

"ಎರಡ ಅರ್ಜಿ, ಕೊಡಾವ್ರದು ತಗೊಳ್ಳಾವ್ರದು ಸಹಿ. ಕಾಗದ ಆ ಹೆಸರಿಗಿ ಆದಕೂಡ್ಲೆ ವಿಮಾನೂ ತಿರುಗಿಸಿ ಕೊಡತೀನಿ. ಯಾರ ಹೆಸರಿಗ್ರಿ?"

"ಈಕಿ ಹೆಸರಿಗಿ," ಎಂದ ಮುದುಕ, ಸೊಸೆಯ ಕಡೆ ಕೋಲು ತೋರಿಸಿ. "ಕಾಜಲ್ ಮಾಳು ಬಂಡಗರ."

ಕಾಜಲ್ ಮಾವನ ಕಡೆ ತಿರುಗಿ, "ಮಾಮಾ, ಇವರನ್ನ ಒಂದ ಮಾತ ಕೇಳಬೇಕಲ್ಲ..." ಎಂದಳು, ಗಂಡನನ್ನು ನೆನೆದು.

"ಅವನ ಕುರಿ ಅವನ ಹತ್ತರ ಅದಾವ. ಅಂವಗ ಕೇಳೂದೇನೈತಿ?" ಎಂದ ವಿಠೋಬ. ಆಮೇಲೆ ಜಾಸ್ಮಿನಳ ಕಡೆ ತಿರುಗಿದ. ಮುದುಕ ಮಾತಿಗೆ ಕೂತರೆ ಪೂರ್ತಿ ಹೇಳುವವನೇ. "ನೋಡವ್ವಾ ತಂಗೀ. ನಲವತ್ತು ವರ್ಷ ನಾನೂ ಕುದುರಿ ಕಾಳು ತಿಂದೀನಿ. ಮಂದಿ ಕುದುರಿ ನೋಡಿ ಕಾಳು ಅಳಿಯೂದಿಲ್ಲ, ಮನಷ್ಯಾನ್ನ ನೋಡಿ ಅಳಿತಾರ. ಈಗ ನಾಕು ವರ್ಷ ಆತು, ನಾಕೂ ಮನಿಯವರು ಕಾಳು ತಂದು ಹಾಕೂದು ಈಕಿ ಸೆರಗಿನಾಗ. ಒಬ್ಬರೂ ನನ್ನ ಕಡೆ ತಂದಿಲ್ಲ. ನನಗ ಅದ ಸಿಟ್ಟಿತ್ತು, ಗಾಡಿ ಮ್ಯಾಲ ತೀರಸ್ಕೊಂಡೆ. ಇವತ್ತ ಸಾಹೇಬ್ರ ಮುಂದ ಈಕಿ ಒಂದ ಸೇರ ಜೋಳಾ ಬಿಟ್ಟಿದ್ರ ಗಾಡಿ ಉಳಿತಿತ್ತು. ಬಿಡಲಿಲ್ಲ. ಮಂದೀ ಮರ್ಯಾದಿ ಉಳಿಸಿದಳು. ಕಾಳು ಯಾರ ಸೆರಗಿಗಿ ಬೀಳತೈತೊ ಕುದುರಿ ಅವರದು. ಇದು ಊರಿಗೆಲ್ಲಾ ಗೊತ್ತೈತಿ, ನಿಮ್ಮ ಕಾಗದಕ್ಕಷ್ಟ ಗೊತ್ತಿಲ್ಲ."

ಕಾಜಲ್ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮಾವನ ಮುಂದೆ ಅವಳು ಹೀಗೆ ಅತ್ತವಳಲ್ಲ. ವಿಠೋಬ ಗಾಬರಿಯಾಗಿ, "ಏ, ಅಳಾಕೇನಾತ? ಸಹಿ ಮಾಡು ಲಗೂನ. ಬಾದಶಹಾಗ ನಾ ಹೇಳತೀನಿ, ಕುದುರಿ ಕೊಡೂದಿಲ್ಲ ಅಂತ," ಎಂದು ಗದರಿದ.

ಜಾಸ್ಮಿನ ನಗುತ್ತ ಅರ್ಜಿ ತೆಗೆದು ಕಾಜಲ್‌ಳ ಮುಂದಿಟ್ಟಳು. ಹೆಸರು ಬರೆದಾಯಿತು, ಊರು ಬರೆದಾಯಿತು. "ಅಕ್ಕಾ, ಇಲ್ಲಿ ಉದ್ಯೋಗ ಅಂತ ಐತಿ. ಏನ ಬರೀಲಿ? ಹೆಣ್ಮಕ್ಕಳದು ಮನಿಗೆಲಸ ಅಂತ ಬರೀತೀವಿ ನಾವು."

ಕಾಜಲ್ ಮುಖ ಒರೆಸಿಕೊಂಡಳು. ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಹಂಗ್ಯಾಕ? ಗಾಡಿ ಹೊಡೀತಾಳ ಅಂತ ಬರಿ," ಎಂದಳು.